ಮೀಟರ್‌ಗೆ ಇನ್ನೊಂದ್ 20 ಪೌಂಡ್ ಹಾಕೋಕ್ ಮುಂಚೆ ಒಂದ್ ಫೋನ್ ಮಾಡಿ

ಅಕ್ಕಾ ಅಂತ ಕೇಳಿದೀರಲ್ಲ, ಅಕ್ಕನ ಥರಾನೇ ನೇರವಾಗಿ ಹೇಳ್ತೀನಿ. ನೀವು ಬರ್ದಿದ್ದು ಇಷ್ಟು: ಮೈಸೂರಿಂದ ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಹಳೇ ಟೆರೇಸ್ ಮನೆ (ಒಂದಕ್ಕೊಂದು ಅಂಟ್ಕೊಂಡಿರೋ ಸಾಲುಮನೆ) ಬಾಡಿಗೆಗೆ ಹಿಡಿದಿದೀರಿ, ಕರೆಂಟಿಗೆ ಕೀ ಹಾಕೋ ಮೀಟರು, ಗ್ಯಾಸಿಗೆ ಕಾರ್ಡು (ಮುಂಚೇನೇ ದುಡ್ಡು ಹಾಕಿ ಬಳಸೋ ಪ್ರೀಪೇಮೆಂಟ್ ಮೀಟರುಗಳು), ಅಂಗಡೀಲಿ 20 ಪೌಂಡ್ ಹಾಕಿಸ್ಕೊಂಡು ಬಂದು ಕೀ ತುರುಕಿದ್ರೆ ಮೀಟರಲ್ಲಿ 11 ಪೌಂಡೇ ತೋರಿಸ್ತು, ಬಟನ್ ಒತ್ತಿ ನೋಡಿದ್ರೆ 180 ಪೌಂಡ್ ಸಾಲ ಅಂತ ಇದೆ, ಓನರ್‌ನ ಕೇಳಿದ್ರೆ ಇಲ್ಲೆಲ್ಲಾ ಹಿಂಗೇ ಅಂದ, ಮನೇಲಿ ಎಂಟು ತಿಂಗಳ ಕೂಸು, ಜೊತೆಗೆ ಇದ್ರಿಂದ ವೀಸಾಗೆ ಏಟು ಬೀಳುತ್ತಾ ಅಂತ ಭಯ.

ವೀಸಾ ವಿಷ್ಯ ಮೊದ್ಲು ಮುಗಿಸಿಬಿಡ್ತೀನಿ, ಯಾಕಂದ್ರೆ ಆ ಭಯಕ್ಕೇ ನಮ್ಮವರು ಬಾಯಿ ಮುಚ್ಕೊಂಡು ಕಟ್ತಾ ಹೋಗೋದು. ಎನ್‌ಎಚ್‌ಎಸ್ ಅನ್ನೋ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ 500 ಪೌಂಡ್ ಅಥ್ವಾ ಜಾಸ್ತಿ ಬಾಕಿ ಉಳಿಸ್ಕೊಂಡ್ರೆ ವೀಸಾ ಅರ್ಜಿಗೆ ತೊಂದ್ರೆ ಆಗ್ಬಹುದು, ಅದಕ್ಕೆ ರೂಲ್ ಇದೆ. ಕರೆಂಟು ಗ್ಯಾಸಿನ ಬಾಕಿಗೆ ಅಂಥ ರೂಲ್ ಇಲ್ಲ. ಕಂಪನಿಗೆ ಫೋನ್ ಮಾಡಿ ಕಷ್ಟ ಹೇಳ್ಕೊಂಡ್ರೆ ವೀಸಾ ನೋಡ್ಕೊಳ್ಳೋ ಹೋಮ್ ಆಫೀಸಿಗೆ ಸುದ್ದಿ ಹೋಗುತ್ತೆ ಅನ್ನೋದೆಲ್ಲಾ ಕಟ್ಟುಕತೆ.

ಈಗ ಆ 9 ಪೌಂಡ್ ಎಲ್ಲಿ ಹೋಯ್ತು ಅಂತ. ಮೀಟರಲ್ಲಿ ದುಡ್ಡು ಮುಗಿದಾಗ ಎಮರ್ಜೆನ್ಸಿ ಕ್ರೆಡಿಟ್ ಅಂತ ಒಂದು 5 ಪೌಂಡೋ 10 ಪೌಂಡೋ ಕೊಡುತ್ತಲ್ಲ, ಅದು ಪುಕ್ಕಟೆ ಅಲ್ಲ, ಮುಂದಿನ ಸಲ ಹಾಕಿದ ತಕ್ಷಣ ಮೊದ್ಲು ಅದನ್ನೇ ಹಿಡ್ಕೊಳ್ಳುತ್ತೆ. ನೀವು ಶನಿವಾರ 5 ಪೌಂಡ್ ಎಮರ್ಜೆನ್ಸಿ ತಗೊಂಡಿದ್ವಿ ಅಂದ್ರಿ, ಹಂಗಾಗಿ 5 ಅಲ್ಲಿಗೆ. ಉಳಿದ 4 ಸಾಲದ ವಾರದ ಕಂತು ಇರ್ಬೇಕು. ನೀಲಿ ಬಟನ್ ಒತ್ತುತ್ತಾ ಹೋಗಿ, ಸ್ಕ್ರೀನ್ ಒಂದೊಂದಾಗಿ ಬದಲಾಗುತ್ತೆ, ಒಟ್ಟು ಸಾಲ ಎಷ್ಟು, ವಾರಕ್ಕೆ ಎಷ್ಟು ಹಿಡ್ಕೊಳ್ತಾ ಇದೆ, ಎರಡೂ ಅದ್ರಲ್ಲೇ ಬರುತ್ತೆ, ಎಲ್ಲಾ ಸ್ಕ್ರೀನಿಂದೂ ಮೊಬೈಲಲ್ಲಿ ಫೋಟೋ ತೆಕ್ಕೊಳ್ಳಿ, ಮೀಟರ್ ಮೈಮೇಲಿರೋ ಸೀರಿಯಲ್ ನಂಬರು ಮತ್ತು ರೀಡಿಂಗ್ ಸಹಿತ. ನೀವು ಒಂದು ವಾರ ದುಡ್ಡು ಹಾಕ್ದೇ ಇದ್ರೂ ಕಂತು ನಿಲ್ಲಲ್ಲ, ಸೇರ್ಕೊಳ್ತಾ ಹೋಗಿ ಒಟ್ಟಿಗೇ ಹಿಡ್ಕೊಳ್ಳುತ್ತೆ. ಸ್ಟ್ಯಾಂಡಿಂಗ್ ಚಾರ್ಜೂ ಹಂಗೇ, ಲೈಟ್ ಹಾಕಿದ್ರೂ ಹಾಕ್ದಿದ್ರೂ ಕರೆಂಟಿಗೆ ದಿನಕ್ಕೆ 50-60 ಪೆನ್ಸ್.

ಆದ್ರೆ ಮುಖ್ಯ ವಿಷ್ಯ ಏನಪ್ಪಾ ಅಂದ್ರೆ, ಆ 180 ಪೌಂಡ್ ನಿಮ್ಮ ಸಾಲಾನೇ ಅಲ್ಲ. ನಿಮಗಿಂತ ಮುಂಚೆ ಇದ್ದವರದ್ದು. ಮನೆ ಒಳಗೆ ಕಾಲಿಟ್ಟ ದಿನದಿಂದ ಬಳಸಿದ್ದಕ್ಕೆ ಮಾತ್ರ ನೀವು ಹೊಣೆ. ಓನರ್ ಡ್ರಾಯರಲ್ಲಿಟ್ಟು ಹೋಗಿರೋ ಕೀ ಹಳೇ ಬಾಡಿಗೆದಾರರ ಅಕೌಂಟಿಂದು, ಅದ್ರಲ್ಲಿ ದುಡ್ಡು ಹಾಕಿದಷ್ಟೂ ಅವರ ಬಾಕಿ ತೀರ್ತಾ ಹೋಗುತ್ತೆ, ಮೀಟರ್‌ಗೆ ನೀವು ಹೊಸಬರು ಅಂತ ಗೊತ್ತಾಗೋದು ಹೆಂಗೆ ಹೇಳಿ, ನೀವು ಹೇಳ್ಬೇಕು. ಊರಲ್ಲಾದ್ರೆ ಬೆಸ್ಕಾಂನವನೋ ಸೆಸ್ಕ್‌ನವನೋ ತಿಂಗಳಿಗೊಂದ್ಸಲ ಬಂದು ಬಿಲ್ ಕೈಗೆ ಕೊಡ್ತಾನೆ, ಅದ್ರಲ್ಲಿ ಯಾರ ಹೆಸರು ಯಾವ ಬಾಕಿ ಅಂತ ಕಾಣುತ್ತೆ, ಇಲ್ಲಿ ಈ ಮೀಟರ್ ಇರೋ ಮನೇಲಿ ಹಂಗೆ ಕಾಗದ ನೋಡಿ ಗೊತ್ತಾಗೋ ಚಾನ್ಸೇ ಕಮ್ಮಿ.

ಹಂಗಾಗಿ ನಾಳೆ ಬೆಳಿಗ್ಗೆನೇ ಸಪ್ಲೈಯರ್‌ಗೆ ಫೋನ್ ಮಾಡಿ. ಯಾವ ಕಂಪನಿ ಅಂತ ಗೊತ್ತಿಲ್ಲದಿದ್ರೆ ಪೋಸ್ಟ್‌ಕೋಡ್ ಹಾಕಿ ಆನ್‌ಲೈನಲ್ಲೇ ಹುಡುಕ್ಬಹುದು, ಕರೆಂಟಿಗೆ ಒಂದು ಕಂಪನಿ ಗ್ಯಾಸಿಗೆ ಇನ್ನೊಂದು ಇದ್ರೂ ಇರ್ಬಹುದು, ಎರಡೂ ಕಡೆ ಹೇಳ್ಬೇಕು. ನಾವು ಹೊಸ ಬಾಡಿಗೆದಾರರು, ಇಂಥ ತಾರೀಕಿಂದ ಇದೀವಿ, ಮೀಟರಲ್ಲಿ ಹಳಬರ ಸಾಲ ಇದೆ, ಅದನ್ನ ತೆಗೀರಿ, ಹೊಸ ಕೀ ಕೊಡಿ, ಇಷ್ಟು ವಾರ ನಮ್ಮಿಂದ ಹಿಡ್ಕೊಂಡಿದ್ದನ್ನ ವಾಪಸ್ ಹಾಕಿ. ಇಷ್ಟೇ. ಟೆನೆನ್ಸಿ ಅಗ್ರಿಮೆಂಟ್ ಕೇಳ್ತಾರೆ, ಕಳ್ಸಿ. ನಿಮ್ಮ ಇಂಗ್ಲಿಷ್ ಬಗ್ಗೆ ಸಂಕೋಚ ಇದ್ರೆ ಚಾಟಲ್ಲೋ ಈಮೇಲಲ್ಲೋ ಮಾಡಿ, ನನ್ನ ಕೇಳಿದ್ರೆ ಅದೇ ಒಳ್ಳೇದು, ಬರಹದಲ್ಲಿರುತ್ತೆ. ಅಂಗಡಿ ರಸೀತಿಗಳನ್ನ ಎಸೀಬೇಡಿ. ಮಾತಿಗೆ ಒಪ್ಪಲಿಲ್ಲ ಅಂದ್ರೆ ಕಂಪ್ಲೇಂಟ್ ಅಂತಾನೇ ರಿಜಿಸ್ಟರ್ ಮಾಡ್ಸಿ, ಎಂಟು ವಾರದಲ್ಲಿ ಬಗೆಹರೀದಿದ್ರೆ ಇಂಥ ಜಗಳ ಬಗೆಹರಿಸೋ ಎನರ್ಜಿ ಒಂಬುಡ್ಸ್‌ಮನ್‌ಗೆ ಹೋಗ್ಬಹುದು, ಫೀಸ್ ಇಲ್ಲ.

ಅದೇ ಫೋನಲ್ಲಿ ಮಗು ಇದೆ ಅಂತ ಹೇಳೋದು ಮರೀಬೇಡಿ. ಪ್ರಯಾರಿಟಿ ಸರ್ವೀಸಸ್ ರಿಜಿಸ್ಟರ್ ಅಂತ ಒಂದಿದೆ, ಜಾಸ್ತಿ ನೆರವು ಬೇಕಾದ ಮನೆಗಳ ಪಟ್ಟಿ, ಐದು ವರ್ಷದೊಳಗಿನ ಮಕ್ಕಳಿರೋ ಮನೆಗಳನ್ನ ಸೇರಿಸ್ಕೊಳ್ತಾರೆ. ಕೈಲಿ ದುಡ್ಡಿಲ್ಲದೆ ಕರೆಂಟ್ ಹೋಗೋ ಸ್ಥಿತಿ ಬಂದ್ರೆ ಎಮರ್ಜೆನ್ಸಿ ಕ್ರೆಡಿಟ್ ಮುಗಿದ್ಮೇಲೂ ಅಡಿಷನಲ್ ಸಪೋರ್ಟ್ ಕ್ರೆಡಿಟ್ ಅಂತ ಕೊಡೋಕೆ ಅವಕಾಶ ಇದೆ, ನೀವು ಕೇಳಿದ್ರೇನೇ ಅವರ ಬಾಯಿಂದ ಆ ಮಾತು ಬರೋದು. ಅದೂ ಸಾಲಾನೇ, ಆಮೇಲೆ ತೀರಿಸ್ಬೇಕು. ಸಾಮಾನ್ಯವಾಗಿ ರಾತ್ರಿ, ವೀಕೆಂಡ್, ಬ್ಯಾಂಕ್ ಹಾಲಿಡೇಗಳಲ್ಲಿ ಬ್ಯಾಲೆನ್ಸ್ ಮುಗಿದ್ರೂ ಮೀಟರ್ ಕಟ್ ಮಾಡಲ್ಲ, ಬಳಸಿದ್ದು ಮಾತ್ರ ಲೆಕ್ಕಕ್ಕೆ ಸೇರುತ್ತೆ.

ಸರಿ, ಹಳಬರ ಸಾಲ ಹೋಯ್ತು ಅಂತಿಟ್ಕೊಳ್ಳಿ, ಆಮೇಲೆ ನಿಮ್ಮದೇ ಬಾಕಿ ಆದ್ರೆ? ಮೊದಲನೇ ಚಳಿಗಾಲದಲ್ಲಿ ಸುಮಾರು ಜನಕ್ಕೆ ಆಗುತ್ತೆ, ಅದ್ರಲ್ಲಿ ಮರ್ಯಾದೆ ಹೋಗೋ ಅಂಥದ್ದೇನಿಲ್ಲ. ವಾರದ ಕಂತು ಕಂಪನಿಯವರು ತಾವೇ ಇಷ್ಟ ಬಂದಂಗೆ ಇಡೋ ಹಾಗಿಲ್ಲ, ನಿಮ್ಮ ಕೈಲಿ ಎಷ್ಟು ಕಟ್ಟೋಕಾಗುತ್ತೆ ಅಂತ ನೋಡಿಯೇ ಇಡ್ಬೇಕು, ಇದು ಆಫ್‌ಜೆಮ್ (ಕರೆಂಟು ಗ್ಯಾಸ್ ಕಂಪನಿಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ) ರೂಲು. ಸಂಬಳ, ಬಾಡಿಗೆ, ಮಗುವಿನ ಖರ್ಚು ಎಲ್ಲಾ ಒಂದು ಹಾಳೇಲಿ ಬರ್ಕೊಂಡು ಕೂತು ಫೋನ್ ಮಾಡಿ, ವಾರಕ್ಕೆ ಇಷ್ಟೇ ಆಗೋದು ಅಂತ ಹೇಳಿ. ಒಂದೊಂದು ಫ್ಯೂಯೆಲಿಗೆ (ಕರೆಂಟಿಗೆ ಬೇರೆ, ಗ್ಯಾಸಿಗೆ ಬೇರೆ) 500 ಪೌಂಡಿನೊಳಗೆ ಸಾಲ ಇದ್ರೆ ಪ್ರೀಪೇಮೆಂಟ್ ಗಿರಾಕಿಗಳು ಸಾಲ ಸಮೇತ ಬೇರೆ ಸಪ್ಲೈಯರ್‌ಗೆ ಹೋಗ್ಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ತೀರಾ ಕುತ್ತಿಗೆಗೆ ಬಂದ್ರೆ ಸಿಟಿಜನ್ಸ್ ಅಡ್ವೈಸ್ ಅಥ್ವಾ ಸ್ಟೆಪ್‌ಚೇಂಜ್ ಅಂತ ಸಾಲದ ಬಗ್ಗೆ ಸಲಹೆ ಕೊಡೋ ಚಾರಿಟಿಗಳಿವೆ, ಅವರ ಹತ್ರ ಹೋಗಿ, ದುಡ್ಡು ತಗೊಳ್ಳಲ್ಲ. ನಮ್ಮ ವೀಸಾ ಮೇಲೆ ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್ (ಸರ್ಕಾರದ ಸಹಾಯಧನ ಕೇಳೋ ಹಾಗಿಲ್ಲ) ಅಂತಿರುತ್ತಲ್ಲ, ಆ ನಿರ್ಬಂಧ ಯೂನಿವರ್ಸಲ್ ಕ್ರೆಡಿಟ್ ಥರದ ಸರ್ಕಾರಿ ಬೆನಿಫಿಟ್‌ಗಳಿಗೆ, ಸಲಹೆ ಕೇಳೋಕೆ ಅಡ್ಡಿ ಇಲ್ಲ, ಚಾರಿಟಿಗಳು ಕೊಡೋ ಫ್ಯೂಯೆಲ್ ವೌಚರ್‌ಗೂ ಇಲ್ಲ.

ಮೀಟರ್ ಕಿತ್ತಾಕ್ಸೋದಾ ಅಂತ ಕೇಳಿದ್ರಿ. ಬಿಲ್ ಕಟ್ಟೋರು ನೀವೇ ಆದ್ರಿಂದ ಸಪ್ಲೈಯರ್ ಬದಲಾಯಿಸೋ ಹಕ್ಕು ನಿಮಗಿದೆ, ಮೀಟರ್ ಬದಲಾಯ್ಸಿ ಅಂತಾನೂ ಕೇಳ್ಬಹುದು, ಆದ್ರೆ ನನ್ನ ಪ್ರಕಾರ ಒಂದು ಚಳಿಗಾಲ ಕಳೀಲಿ. ಮುಂಚೆ ಪ್ರೀಪೇ ದರ ಜಾಸ್ತಿ ಇತ್ತು, ಬಡವರಿಗೇ ಬರೆ ಅಂತಿದ್ರು, ಈಗ ಆಫ್‌ಜೆಮ್ ಪ್ರೈಸ್ ಕ್ಯಾಪಲ್ಲಿ (ದರಕ್ಕೆ ಹಾಕಿರೋ ಮಿತಿ) ಅದು ಡೈರೆಕ್ಟ್ ಡೆಬಿಟ್‌ಗಿಂತ, ಅಂದ್ರೆ ಬ್ಯಾಂಕಿಂದ ತಾನಾಗೇ ಬಿಲ್ ಕಟ್ಟೋರ ದರಕ್ಕಿಂತ, ಜಾಸ್ತಿ ಇಲ್ಲ. ಹೊಸದಾಗಿ ಬಂದವರಿಗೆ ಕ್ರೆಡಿಟ್ ಹಿಸ್ಟರಿ (ಇಲ್ಲಿ ಸಾಲ, ಬಿಲ್ ಕಟ್ಟಿದ ದಾಖಲೆ) ಇರಲ್ಲ, ಬಳಸಿದ್ಮೇಲೆ ಬಿಲ್ ಬರೋ ಕ್ರೆಡಿಟ್ ಮೀಟರ್ ಕೊಡೋಕೆ ಕೊಸರಾಡ್ತಾರೆ. ಕೇಳೋದಾದ್ರೆ ಸ್ಮಾರ್ಟ್ ಪ್ರೀಪೇ ಕೇಳಿ, ಮಳೇಲಿ ಪೇಪಾಯಿಂಟ್ ಅಂಗಡಿಗೆ ಓಡೋದು ತಪ್ಪುತ್ತೆ, ಫೋನಲ್ಲೇ ರೀಚಾರ್ಜು.

ನಿಮ್ಮ ಆಫೀಸಲ್ಲಿ ಯಾರೋ ಬಾಗಿಲು ಒಡೆದು ಮೀಟರ್ ಹಾಕ್ತಾರೆ ಅಂದ್ರಂತಲ್ಲ, ಅದು ಪೂರ್ತಿ ಸುಳ್ಳಲ್ಲ. ಕೋರ್ಟ್ ವಾರಂಟ್ ತಗೊಂಡು ಸಾಲಗಾರರ ಮನೆಗೆ ನುಗ್ಗಿ ಪ್ರೀಪೇ ಮೀಟರ್ ಕೂರಿಸ್ತಿದ್ರು, 2023ರಲ್ಲಿ ದೊಡ್ಡ ಗಲಾಟೆ ಆಗಿ ಫೆಬ್ರವರೀಲಿ ಅದನ್ನ ನಿಲ್ಸಿದ್ರು, ಆಮೇಲೆ ಕಟ್ಟುನಿಟ್ಟಿನ ರೂಲ್ ಹಾಕಿ ಕೆಲವು ಕಂಪನಿಗಳಿಗೆ ಮತ್ತೆ ಬಿಟ್ರು. ಈಗ ಕನಿಷ್ಠ 10 ಸಲ ನಿಮ್ಮನ್ನ ಸಂಪರ್ಕ ಮಾಡೋಕೆ ಪ್ರಯತ್ನ ಪಡ್ಬೇಕು, ಎರಡು ವರ್ಷದೊಳಗಿನ ಮಗು ಇರೋ ಮನೇಲಿ ಬಲವಂತವಾಗಿ ಹಾಕೋ ಹಾಗೇ ಇಲ್ಲ. ನಿಮ್ಮನೇಲಿ ಮೀಟರ್ ಮೊದಲೇ ಇತ್ತು, ಅದು ಬೇರೆ ಮಾತು.

ಖರ್ಚಿನ ಬಗ್ಗೆ ಜಾಸ್ತಿ ಉಪದೇಶ ಮಾಡಲ್ಲ. ಮಿಕ್ಸಿ, ರೈಸ್ ಕುಕ್ಕರ್ ಬಗ್ಗೆ ತಲೆ ಕೆಡಿಸ್ಕೋಬೇಡಿ, ಕರೆಂಟ್ ನುಂಗೋದು ಬಿಸಿ ಮಾಡೋ ಸಾಮಾನು. ಯೂನಿಟ್ಟಿಗೆ ಸುಮಾರು 25 ಪೆನ್ಸ್ ಅಂತಿಟ್ಕೊಂಡ್ರೆ, 9 ಕಿಲೋವ್ಯಾಟಿನ ಎಲೆಕ್ಟ್ರಿಕ್ ಶವರಲ್ಲಿ ಹತ್ತು ನಿಮಿಷ ನಿಂತ್ರೆ ಹೆಚ್ಚುಕಮ್ಮಿ 40 ಪೆನ್ಸ್, ಅಂಗಡೀಲಿ ಅಗ್ಗಕ್ಕೆ ಸಿಗೋ 2 ಕಿಲೋವ್ಯಾಟ್ ಫ್ಯಾನ್ ಹೀಟರ್ ಐದು ಗಂಟೆ ಓಡಿಸಿದ್ರೆ ಎರಡೂವರೆ ಪೌಂಡ್. ಗ್ಯಾಸ್ ಸೆಂಟ್ರಲ್ ಹೀಟಿಂಗ್ ಇದೆ ಅಂದ್ರಿ, ಅದನ್ನೇ ಹಾಕ್ಕೊಳ್ಳಿ, ಅದೇ ಅಗ್ಗ. ಕೂಸಿರೋ ರೂಮು ತಣ್ಣಗಾಗೋಕೆ ಮಾತ್ರ ಬಿಡ್ಬೇಡಿ, ದುಡ್ಡು ಉಳ್ಸೋಕೆ ಅಂತ ಹೀಟಿಂಗ್ ಆಫ್ ಮಾಡಿ ಕೂರೋದು ನನಗೆ ಸುತರಾಂ ಇಷ್ಟ ಇಲ್ಲ, ಗೋಡೆಗೆಲ್ಲಾ ಬೂಷ್ಟು ಬಂದು ಮಗೂಗೆ ಕೆಮ್ಮು ಹಿಡಿಯುತ್ತೆ.

ಇನ್ನೊಂದು, ಗ್ಯಾಸ್ ಮೀಟರಿಗೆ ಬೇಸಿಗೇಲೂ ವಾರಕ್ಕೆ ಎರಡ್ಮೂರು ಪೌಂಡ್ ಹಾಕ್ತಾ ಇರಿ. ಹೀಟಿಂಗೇ ಹಾಕಲ್ವಲ್ಲ ಅಂತ ನಾಲ್ಕು ತಿಂಗಳು ಬಿಟ್ರೆ ದಿನಕ್ಕೆ 30 ಪೆನ್ಸ್ ಸ್ಟ್ಯಾಂಡಿಂಗ್ ಚಾರ್ಜ್ ಸೇರ್ಕೊಂಡು 36 ಪೌಂಡ್ ಆಗಿರುತ್ತೆ, ಅಕ್ಟೋಬರಲ್ಲಿ ಚಳಿ ಶುರುವಾದ ದಿನ 20 ಪೌಂಡ್ ಹಾಕಿ ಬಂದ್ರೆ ಬಾಯ್ಲರ್ ಆನೇ ಆಗಲ್ಲ.