ವ್ಯಾನಲ್ಲೇ ಸಂಸಾರ ಮಾಡಿದರೆ ಪರಿಸರಕ್ಕೆ ಒಳ್ಳೇದಾ?

ಬೆಂಗಳೂರಿನ ಬಾಡಿಗೆ ಮನೆ ಬಿಟ್ಟು, ಕ್ಯಾಂಪರ್ ವ್ಯಾನ್ ಮಾಡಿಸಿಕೊಂಡು, ಮಂಗಳೂರಿಂದ ಕಾರವಾರದವರೆಗೆ ಸುತ್ತುತ್ತಾ ಆನ್‌ಲೈನ್ ಕೆಲಸ ಮಾಡಿಕೊಂಡಿರುವುದು. ಸಣ್ಣ ಜಾಗ, ಮೇಲೆ ಸೋಲಾರ್, ಹಾಗಾಗಿ ಪರಿಸರಕ್ಕೂ ಒಳ್ಳೇದು ಅಲ್ವಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ನಮ್ಮ ಅತ್ತೆಯ ಎದುರು ಕೂತು ಹೇಳಿದ್ದೆ ಮಾರಾಯ್ರೆ. ಬಸಳೆ ಎಲೆ ಬಿಡಿಸುತ್ತಾ ಇದ್ದವರು ತಲೆ ಎತ್ತಿ, "ಹಾಗಾದ್ರೆ ಕಕ್ಕಸು ಎಲ್ಲಿ?" ಅಂತ ಮಾತ್ರ ಕೇಳಿದರು.

"ಅದಕ್ಕೂ ವ್ಯವಸ್ಥೆ ಉಂಟು ಅತ್ತೆ" ಅಂದೆ. ನಮ್ಮ ದುಡ್ಡು ಹೋದದ್ದು ಆ ವ್ಯವಸ್ಥೆಯಿಂದಲೇ.

ನಮ್ಮ ಮನೆ ಉಡುಪಿಯ ಕಟಪಾಡಿ ಹತ್ತಿರ. ನಮ್ಮ ಯಜಮಾನರು ಶಾಲೆ ಮಕ್ಕಳನ್ನು ಒಯ್ಯುತ್ತಿದ್ದ ಹಳೇ ಟೆಂಪೋ ಟ್ರಾವೆಲರ್ ಒಂದನ್ನು ತೆಗೆದುಕೊಂಡರು. ಸೀಟು ಕಿತ್ತು ಮಂಚ, ಸಿಂಕು, ಗ್ಯಾಸ್ ಒಲೆ ಕೂರಿಸಿದೆವು. (ಹೀಗೆ ಗಾಡಿಯ ರೂಪ ಬದಲಿಸಿದರೆ ಆರ್‌ಟಿಓ ಒಪ್ಪಿಗೆ ತಗೊಂಡು ಆರ್‌ಸಿಯಲ್ಲಿ ಹಾಕಿಸಬೇಕು, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆ ಅಲೆದಾಟದ ಕಥೆ ಇಲ್ಲಿ ಬೇಡ.) ಹಿಂದಿನ ಮೂಲೆಯಲ್ಲಿ ಕ್ಯಾಸೆಟ್ ಟಾಯ್ಲೆಟ್. ಕಮೋಡಿನ ಅಡಿಯಲ್ಲಿ ಸೂಟ್‌ಕೇಸಿನ ಹಾಗೆ ಹೊರಗೆ ಎಳೆಯುವ ಒಂದು ಟ್ಯಾಂಕ್ ಇರುತ್ತದೆ, 20 ಲೀಟರ್ ಆಸುಪಾಸು. ಅದಕ್ಕೆ ಒಂದು ಮುಚ್ಚಳ ನೀಲಿ ದ್ರಾವಣ ಹಾಕಿದರೆ ವಾಸನೆ ಸುಳಿಯುವುದಿಲ್ಲ. ತುಂಬಿದಾಗ ಎಳೆದುಕೊಂಡು ಹೋಗಿ ಖಾಲಿ ಮಾಡುವುದು.

ಎಲ್ಲಿ ಖಾಲಿ ಮಾಡುವುದು? ಯುರೋಪ್, ಅಮೆರಿಕದ ಕ್ಯಾಂಪಿಂಗ್ ಜಾಗಗಳಲ್ಲಿ ಇದಕ್ಕೆಂದೇ ಕಟ್ಟಿದ ಜಾಗ ಇರುತ್ತದೆ. ಇಲ್ಲಿ ಕೇರಳ ಗಡಿಯ ತಲಪಾಡಿಯಿಂದ ಕಾರವಾರದವರೆಗೆ ಹೆದ್ದಾರಿ 66ರಲ್ಲಿ ಹುಡುಕಿದರೂ ನಮಗೆ ಒಂದೂ ಸಿಗಲಿಲ್ಲ. ಪೆಟ್ರೋಲ್ ಬಂಕಿನ ಕಕ್ಕಸಿಗೆ ಸುರಿಯಲು ಮನಸ್ಸು ಬರಲಿಲ್ಲ. ಹಾಗಾಗಿ ಮನೆಗೆ ಬಂದಾಗಲೆಲ್ಲ ನಮ್ಮದೇ ಹಿತ್ತಲಿನ ಸೆಪ್ಟಿಕ್ ಟ್ಯಾಂಕಿಗೆ ಹೊಯ್ದೆವು. ನಮ್ಮದು ನಮ್ಮ ಗುಂಡಿಗೇ ಹೋಗುತ್ತದೆ, ಬೇರೆಯವರಿಗೆ ಉಪದ್ರ ಇಲ್ಲ ಅಂತ ಲೆಕ್ಕ.

ಆ ನೀಲಿ ದ್ರಾವಣದ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೋರಾದರೂ ಓದಿ. ನಾನು ನೋಡಿದ ವ್ಯಾನ್ ವಿಡಿಯೋಗಳಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ನಾವು ತರಿಸಿದ್ದರಲ್ಲಿ ಇದ್ದದ್ದು ಫಾರ್ಮಾಲ್ಡಿಹೈಡ್. ಮೆಡಿಕಲ್ ಕಾಲೇಜಿನಲ್ಲಿ ಹೆಣ ಕೆಡದ ಹಾಗೆ ಇಡಲು ಫಾರ್ಮಲಿನ್ ಬಳಸುತ್ತಾರಲ್ಲ, ಅದು ಇದನ್ನೇ ನೀರಿನಲ್ಲಿ ಕರಗಿಸಿದ್ದು. ಕೊಳೆಸುವ ಬ್ಯಾಕ್ಟೀರಿಯಾ ಸತ್ತರೆ ವಾಸನೆ ಎಲ್ಲಿಂದ ಬರಬೇಕು? ಆದರೆ ಸೆಪ್ಟಿಕ್ ಟ್ಯಾಂಕ್ ನಡೆಯುವುದೇ ಆ ಬ್ಯಾಕ್ಟೀರಿಯಾದಿಂದ. ಗಟ್ಟಿ ಅಡಿಗೆ ಕೂರಬೇಕು, ಅವು ಅದನ್ನು ತಿಂದು ಕರಗಿಸಬೇಕು, ತಿಳಿ ಮಾತ್ರ ಪಕ್ಕದ ಇಂಗುಗುಂಡಿಗೆ ಹೋಗಬೇಕು. ನಾವು ಅದರ ಹೊಟ್ಟೆಗೆ ತಿಂಗಳುಗಟ್ಟಲೆ ವಿಷ ಹಾಕಿದೆವು. ಕರಗುವ ಕೆಲಸ ನಿಂತಿತು. ಗಟ್ಟಿಯೇ ತೇಲಿಕೊಂಡು ಇಂಗುಗುಂಡಿಗೆ ಹೋಗಿ ಅಲ್ಲಿ ಕಟ್ಟಿಕೊಂಡಿತು. ನೀರು ಇಂಗಲು ಜಾಗವೇ ಇಲ್ಲ.

ಮತ್ತೆ ನಮ್ಮದು ಮುರಕಲ್ಲಿನ ನೆಲ. ತೂತು ತೂತು ಕಲ್ಲು, ಒಳಗೊಳಗೇ ನೀರಿಗೆ ನೂರು ದಾರಿ. ಮನೆಗೊಂದು ಬಾವಿ, ಮನೆಗೊಂದು ಗುಂಡಿ. ಮೇ ತಿಂಗಳಲ್ಲಿ ಬಾವಿಯ ತಳ ಕಾಣುತ್ತದೆ, ಜುಲೈಯಲ್ಲಿ ಬಗ್ಗಿದರೆ ಕೈಗೆ ಸಿಗುವಷ್ಟು ನೀರು. ಗುಂಡಿ ಉಕ್ಕಿದ್ದು ಆಗಲೇ. ಒಂದು ಬೆಳಿಗ್ಗೆ ಅತ್ತೆ ಕೊಡಪಾನ ಮೂಗಿನ ಹತ್ತಿರ ಹಿಡಿದು, "ಒಂಥರಾ ವಾಸನೆ ಉಂಟಲ್ಲ ಮಗಾ" ಅಂದರು. ಪರೀಕ್ಷೆಗೆ ಕೊಟ್ಟೆವು. ಇ-ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು, ಅಂದರೆ ನೀರಿಗೆ ಮಲ ಸೇರಿದ ಗುರುತು. ಪಕ್ಕದ ಮನೆ ದೊಡ್ಡಮ್ಮನ ಬಾವಿಯ ನೀರಿನಲ್ಲೂ ಸಿಕ್ಕಿತು. ಅವರು ಜಗಳಕ್ಕೆ ಬರಲಿಲ್ಲ. ಕ್ಯಾನ್ ನೀರು ತರಿಸಿಕೊಂಡು ಬಿಲ್ಲನ್ನು ನಮ್ಮ ಗೇಟಿಗೆ ಸಿಕ್ಕಿಸಿ ಹೋಗುತ್ತಿದ್ದರು, ಅಷ್ಟೇ.

ಮಳೆಯಲ್ಲಿ ಗುಂಡಿ ಎಳೆಸಿದರೆ ಎರಡೇ ದಿನದಲ್ಲಿ ಮತ್ತೆ ತುಂಬುತ್ತದೆ. ಮಳೆ ಬಿಡುವವರೆಗೆ ಕಾದು ಗುಂಡಿ ಎಳೆಸಿ, ಹೊಸ ಇಂಗುಗುಂಡಿ ತೋಡಿಸಿ, ಎರಡೂ ಬಾವಿಗೆ ಪಂಪ್ ಹಾಕಿ ನೀರು ತೆಗೆಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಗಾಡಿಯ ಮರದ ಕೆಲಸಕ್ಕೆ ಕೊಟ್ಟದ್ದಕ್ಕಿಂತ ಜಾಸ್ತಿ ಹೋಯಿತು. ಗುಂಡಿ ಮೊದಲೇ ಹಳೆಯದಾಗಿತ್ತು, ಇವತ್ತಲ್ಲ ನಾಳೆ ಕೈ ಕೊಡುತ್ತಿತ್ತು ಅಂತ ಇವರು ಈಗಲೂ ವಾದ ಮಾಡುತ್ತಾರೆ. ಇರಬಹುದು. ದೊಡ್ಡಮ್ಮನಿಗೆ ಅದನ್ನು ಹೇಳುವ ಧೈರ್ಯ ನನಗಿಲ್ಲ.

ಈಗ ನಿಮ್ಮ ಕಾರ್ಬನ್ ವಿಷಯ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಕಾರ್ಬನ್ ಡೈಆಕ್ಸೈಡ್. ನಮ್ಮ ಗ್ರಿಡ್ ಕರೆಂಟಿಗೆ ಯೂನಿಟ್ಟಿಗೆ ಸುಮಾರು 0.7 ಕಿಲೋ. ಮನೆಯಲ್ಲಿ ಎಸಿ ಇಲ್ಲದೆ ತಿಂಗಳಿಗೆ 100 ಯೂನಿಟ್ ಅಂದುಕೊಳ್ಳಿ, 70 ಕಿಲೋ ಆಯಿತು. ಸಾಮಾನು ತುಂಬಿದ ನಮ್ಮ ಗಾಡಿ ಕೊಡುತ್ತಿದ್ದದ್ದು ಲೀಟರಿಗೆ 9 ಕಿ.ಮೀ. ಅದೇ 70 ಕಿಲೋಗೆ ಕಟಪಾಡಿಯಿಂದ ಹೆಚ್ಚುಕಮ್ಮಿ ಕಾರವಾರ ಮುಟ್ಟುತ್ತೀರಿ. ವಾಪಸ್ ಬರುವುದು ಬಾಕಿ ಇದೆ. ಗ್ಯಾಸಿನಲ್ಲೂ ಉಳಿತಾಯ ಇಲ್ಲ, ಅನ್ನ ಬೇಯಲು ಅಲ್ಲೂ ಅಷ್ಟೇ ಹೊತ್ತು. ಇನ್ನು ನೀವು ಬಿಟ್ಟ ಬಾಡಿಗೆ ಮನೆ ಖಾಲಿ ಇರುತ್ತದಾ? ಮುಂದಿನ ತಿಂಗಳು ಅಲ್ಲಿ ಬೇರೆಯವರು ಗೀಸರ್ ಹಾಕುತ್ತಾರೆ.

ವ್ಯಾನ್ ಪರಿಸರಸ್ನೇಹಿ ಅನ್ನುವ ಮಾತು ಬಂದದ್ದು ಚಳಿ ದೇಶಗಳಿಂದ ಅನ್ನುವುದು ನನ್ನ ಅಂದಾಜು. ಅಲ್ಲಿ ದೊಡ್ಡ ಮನೆಯನ್ನು ಚಳಿಗಾಲವಿಡೀ ಬಿಸಿ ಮಾಡಬೇಕು. ಸಣ್ಣ ವ್ಯಾನಿಗೆ ಹೋದರೆ ನಿಜವಾಗಿಯೂ ಉಳಿಯುತ್ತದೆ. ನಮ್ಮಲ್ಲಿ ಹೆಂಚಿನ ಮನೆಗೆ ಹೀಟರ್ ಯಾಕೆ? ನಮಗಿರುವುದು ಸೆಕೆ. ಏಪ್ರಿಲ್ ಮಧ್ಯಾಹ್ನ ಕಾಪು ಬೀಚಿನ ಹತ್ತಿರ ಗಾಡಿ ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದು ಕೂತು ನೋಡಿ. ತಗಡಿನ ಗೋಡೆ ಮುಟ್ಟಲು ಆಗುವುದಿಲ್ಲ, ಮೊಣಕೈಯಿಂದ ಬೆವರು ಕೀಬೋರ್ಡಿಗೆ ಇಳಿಯುತ್ತದೆ. ಕೂಲರ್ ಹಾಕಿದರೆ ಗಾಳಿಗೆ ಇನ್ನಷ್ಟು ನೀರು ಸೇರಿಸಿದ ಹಾಗೆ. ಉಳಿದದ್ದು ಎಸಿ. ಒಂದು ಟನ್ನಿನದ್ದು ಒಂದು ರಾತ್ರಿಗೆ ಐದಾರು ಯೂನಿಟ್ ತಿನ್ನುತ್ತದೆ. ಮೇಲಿನ ಎರಡು ಪ್ಯಾನೆಲ್ ಒಳ್ಳೆ ಬಿಸಿಲಿದ್ದ ದಿನ ಕೊಡುವುದು ಅದರ ಅರ್ಧ. ಆಟಿ ತಿಂಗಳ ಮಳೆಯಲ್ಲಿ ಫೋನ್ ಚಾರ್ಜಿಗೇ ತತ್ವಾರ. ಕಡೆಗೆ ಇಂಜಿನ್ ಚಾಲೂ ಇಟ್ಟು ಮಲಗುವುದು. ಅಲ್ಲಿಗೆ ಸೋಲಾರಿನ ಕಥೆ ಮುಗಿಯಿತು. ಮುಚ್ಚಿದ ಜಾಗದಲ್ಲಿ ಹಾಗೆ ಮಲಗಿದರೆ ಹೊಗೆಯಿಂದ ಜೀವಕ್ಕೂ ಅಪಾಯ.

ನಿಜವಾಗಿ ಉಳಿತಾಯ ಆದದ್ದು ಒಂದೇ, ನೀರು. ಒಳಚರಂಡಿ ಇರುವ ಊರುಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರಕಾರದ ಲೆಕ್ಕ. ಟ್ಯಾಂಕ್ ಹೊತ್ತುಕೊಂಡು ತಿರುಗುವಾಗ ನಾವಿಬ್ಬರೂ ಸೇರಿ ಅದರ ಅರ್ಧವೂ ಮುಟ್ಟುತ್ತಿರಲಿಲ್ಲ. ಆ ಅಭ್ಯಾಸ ಈಗ ಮನೆಯಲ್ಲೂ ಉಳಿದಿದೆ. ಆದರೆ ಅದಕ್ಕೆ ವ್ಯಾನ್ ಬೇಕಿರಲಿಲ್ಲ, ಸಣ್ಣ ಬಾಲ್ದಿ ಸಾಕಿತ್ತು.

ಇನ್ನೊಂದು ಮಾತು. ಮರಳಿನ ಮೇಲೆ ಗಾಡಿ ಇಳಿಸಿ ಫೋಟೋ ಹಾಕುವ ಆಸೆ ಇದ್ದರೆ ಬಿಟ್ಟುಬಿಡಿ. ಕುಂದಾಪುರದ ಕೋಡಿ, ಮಂಗಳೂರಿನ ಸಸಿಹಿತ್ಲು ಕಡೆ ಕಡಲಾಮೆಗಳು ದಡಕ್ಕೆ ಬಂದು ಮೊಟ್ಟೆ ಇಡುತ್ತವೆ. ಟಯರಿನ ಅಡಿಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಮರಿಗಳು ಬೆಳಕು ಕಂಡ ಕಡೆ ಹೋಗುತ್ತವೆ, ನಿಮ್ಮ ಎಲ್‌ಇಡಿ ಕಂಡರೆ ಕಡಲು ಬಿಟ್ಟು ಗಾಡಿಯ ಕಡೆ ಬರುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಸುತ್ತುವ ಆಸೆ ಇದೆ ಅಂತ ನೇರವಾಗಿ ಹೇಳಿ, ಅದರಲ್ಲಿ ತಪ್ಪೇನಿಲ್ಲ. ಪರಿಸರವನ್ನು ಸುಮ್ನೆ ನಡುವೆ ಎಳೆಯಬೇಡಿ. ಕಾರಿನಲ್ಲಿ ತಿರುಗಿ ದಿನಕ್ಕೊಂದು ಎಸಿ ರೂಮು ಹಿಡಿಯುವವರಿಗಿಂತ ವ್ಯಾನ್‌ನವರು ವಾಸಿ ಇರಬಹುದು, ಆದರೆ ಮನೆಯಲ್ಲಿ ಕೂತವರಿಗಿಂತ ಅಲ್ಲ. ನಿಜವಾಗಿ ಕಡಿಮೆ ಮಾಡಬೇಕೆಂದಿದ್ದರೆ ರೈಲು ಹತ್ತಿ. ಕೊಂಕಣ ರೈಲು ಮಾರ್ಗ 2022ರಿಂದ ಪೂರ್ತಿ ವಿದ್ಯುತ್ತಿನದ್ದು. ಕುಂದಾಪುರದಲ್ಲೋ ಕುಮಟಾದಲ್ಲೋ ತಿಂಗಳ ಬಾಡಿಗೆಗೆ ಒಂದು ರೂಮು ಹಿಡಿದು, ಅಲ್ಲಿಂದ ಬಸ್ಸಲ್ಲಿ ಸುತ್ತಿ. ಸುರತ್ಕಲ್‌ನಲ್ಲಿ ಲಾರಿಗಳೇ ರೈಲು ಹತ್ತಿ ಮಹಾರಾಷ್ಟ್ರದ ಕೋಲಾಡಿನವರೆಗೆ ಹೋಗುವುದನ್ನು ನೋಡಿದ್ದೀರಾ? ರೋ-ರೋ ಅಂತಾರೆ, ಕೊಂಕಣ ರೈಲಿನಲ್ಲಿ ಇದು ಶುರುವಾದದ್ದು 1999ರಲ್ಲಿ. ಲಾರಿಯವರಿಗೇ ಡೀಸೆಲ್ ಉಳಿಸುವುದು ಹೇಗೆ ಅಂತ ಗೊತ್ತು.

ಇಷ್ಟಾದರೂ ತಗೊಳ್ಳುವುದೇ ಅಂತಿದ್ದರೆ ನೀಲಿ ದ್ರಾವಣ ಮನೆಗೆ ತರಬೇಡಿ. ಮೂತ್ರ ಬೇರೆ ಹೋಗುವ ಒಣ ಟಾಯ್ಲೆಟ್ ಮಾಡಿಸಿ, ಮೇಲಿಂದ ತೆಂಗಿನ ನಾರಿನ ಹುಡಿ ಹಾಕುತ್ತಾ ಹೋಗಿ. ಕೋಕೋಪೀಟ್ ಅಂತ ನರ್ಸರಿಗಳಲ್ಲಿ ಇಟ್ಟಿಗೆ ಥರ ಕಟ್ಟಿ ಮಾರುತ್ತಾರಲ್ಲ, ಅದೇ. ವಾಸನೆ ಅಷ್ಟಾಗಿ ಇರುವುದಿಲ್ಲ. ಅದನ್ನು ಬಾವಿಯಿಂದ ದೂರ, ಮಳೆ ಬೀಳದ ಕಡೆ ಮುಚ್ಚಿಟ್ಟು ಒಂದು ವರ್ಷ ಕೊಳೆಯಲು ಬಿಡಬೇಕು. ತರಕಾರಿಗೆ ಬೇಡ, ತೆಂಗಿನ ಬುಡಕ್ಕೆ ಆಗುತ್ತದೆ.

ಹಳೇ ಗಾಡಿ ನೋಡಲು ಹೋಗುವುದಾದರೆ ಜುಲೈಯಲ್ಲೇ ಹೋಗಿ. ಮಾರುವವರು ಡಿಸೆಂಬರಿನಲ್ಲಿ ತೊಳೆದು ಹೊಳಪು ಬರಿಸಿ ತೋರಿಸುತ್ತಾರೆ. ಮಳೆ ಸುರಿಯುವಾಗ ಒಳಗೆ ಅರ್ಧ ಗಂಟೆ ಕೂತುಕೊಳ್ಳಿ. ಹಾಸಿಗೆಯ ಅಡಿಯ ಪ್ಲೈವುಡ್ಡಿನಲ್ಲಿ ಬೂಸ್ಟು ಉಂಟಾ ನೋಡಿ. ಮ್ಯಾಟ್ ಎತ್ತಿ ತಗಡಿಗೆ ಸ್ಕ್ರೂಡ್ರೈವರಿನಿಂದ ಚುಚ್ಚಿ, ಉಪ್ಪುಗಾಳಿಗೆ ತುಕ್ಕು ಅಡಿಯಿಂದಲೇ ಹಿಡಿಯುತ್ತದೆ. ಚುಚ್ಚಿದ್ದು ಒಳಗೆ ಇಳಿದರೆ ಅವರು ಎಷ್ಟೇ ಇಳಿಸಿ ಕೊಟ್ಟರೂ ಬೇಡ ಅನ್ನಿ.