ಮೊದಲು ಕುರ್ಚಿ, ಆಮೇಲೆ ಸೀಟಿ

ಪ್ರಶ್ನೆ: ಸ್ವಿಟ್ಜರ್ಲೆಂಡಿನ ಫುಟ್‌ಬಾಲ್ ಆಟಗಾರ ಅಲೆಕ್ಸಾಂಡರ್ ಫ್ರೈ ಆಟ ಬಿಟ್ಟ ಕೂಡಲೇ ಕ್ಲಬ್ಬೊಂದರ ಸ್ಪೋರ್ಟಿಂಗ್ ಡೈರೆಕ್ಟರ್ ಆದರಂತೆ, ಕೋಚ್ ಆದದ್ದು ಆಮೇಲಂತೆ. ಇದು ಹಿಂಬಡ್ತಿಯಲ್ಲವೇ? ಈ ಎರಡು ಹುದ್ದೆಗಳಿಗೂ ಏನು ವ್ಯತ್ಯಾಸ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಹಿಂಬಡ್ತಿ ಎನ್ನಲಾಗದು. ಎರಡೂ ಬೇರೆ ಬೇರೆ ಕಸುಬು. ಕೋಚ್‌ಗೆ ಈ ವಾರದ ಪಂದ್ಯದ ಚಿಂತೆ: ಯಾರನ್ನು ಆಡಿಸಬೇಕು, ಯಾರನ್ನು ಬೆಂಚಿನಲ್ಲಿ ಕೂರಿಸಬೇಕು. ಡೈರೆಕ್ಟರ್‌ಗೆ ಮುಂದಿನ ವರ್ಷದ ಚಿಂತೆ: ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು, ಯಾರ ಒಪ್ಪಂದ ಮುಗಿಯುತ್ತಿದೆ. ಜೊತೆಗೆ, ಸೋಲುತ್ತಿರುವ ಕೋಚನ್ನು ಎಷ್ಟು ದಿನ ತಾಳಿಕೊಳ್ಳಬೇಕು ಎಂಬ ತಲೆನೋವು ಬೇರೆ.

ಫ್ರೈ ಹಿಡಿದ ಕ್ರಮ ತಿರುಗುಮುರುಗಾಗಿ ಕಂಡರೂ ಅದಕ್ಕೊಂದು ಕಾರಣವುಂಟು. ಯುರೋಪಿನ ಮೇಲ್ಮಟ್ಟದ ಲೀಗ್‌ಗಳಲ್ಲಿ ಮುಖ್ಯ ಕೋಚ್ ಆಗಬೇಕಾದರೆ 'ಪ್ರೊ' ಲೈಸೆನ್ಸ್ ಬೇಕು. ಅದಕ್ಕೂ ಮೊದಲು 'ಬಿ', 'ಎ' ಎಂಬ ಮೆಟ್ಟಿಲುಗಳಿವೆ. ಹತ್ತಲು ವರ್ಷಗಳೇ ಹಿಡಿಯುತ್ತವೆ. ಡೈರೆಕ್ಟರ್ ಕುರ್ಚಿಗೆ ಸಾಮಾನ್ಯವಾಗಿ ಅಂಥ ಕಟ್ಟುಪಾಡು ಇಲ್ಲ. ಹೆಸರಿದ್ದರೆ ಬೂಟು ಬಿಚ್ಚಿದ ಮರುದಿನವೇ ಕೂರಬಹುದು. ಫ್ರೈಗೆ ಹೆಸರಿಗೇನೂ ಕೊರತೆ ಇರಲಿಲ್ಲ. ದೇಶದ ಪರ 84 ಪಂದ್ಯಗಳಲ್ಲಿ 42 ಗೋಲು, ಅದು ಸ್ವಿಸ್ ದಾಖಲೆ. 2004–05ರಲ್ಲಿ ರೆನ್ ಕ್ಲಬ್ ಪರ 20 ಗೋಲು ಹೊಡೆದು ಫ್ರಾನ್ಸಿನ ಲೀಗ್‌ನಲ್ಲೇ ಮೊದಲಿಗರಾಗಿದ್ದರು. 2013ರ ವಸಂತದಲ್ಲಿ, 33ರ ವಯಸ್ಸಿಗೆ, ಸ್ವಿಟ್ಜರ್ಲೆಂಡಿನ ಬಾಸೆಲ್ ತಂಡಕ್ಕೆ ವಿದಾಯ ಹೇಳಿ ನೇರವಾಗಿ ಅಲ್ಲಿಯದೇ ಲ್ಯೂಸರ್ನ್ ಕ್ಲಬ್ಬಿನ ಡೈರೆಕ್ಟರ್ ಆದರು. 2014ರ ಡಿಸೆಂಬರಿಗೆ ಆ ಅಧ್ಯಾಯ ಮುಗಿಯಿತು.

ನನ್ನ ಮಟ್ಟಿಗೆ ಅದು ಅವಸರದ ಹೆಜ್ಜೆ. ಗೋಲು ಹೊಡೆದವನಿಗೆ ಫಲ ಆ ಗಳಿಗೆಯಲ್ಲೇ ಕೈಗೆ ಸಿಗುತ್ತದೆ, ಆಟಗಾರನನ್ನು ಕೊಂಡವನು ಎರಡು ವರ್ಷ ಕಾಯಬೇಕು. ಫ್ರೈ ಮೊದಲ ಬಗೆಯ ಮನುಷ್ಯ. 2011ರ ಡಿಸೆಂಬರ್ 7ರ ರಾತ್ರಿ ಬಾಸೆಲ್‌ನಲ್ಲಿ ಸಹ ಆಟಗಾರ ಶಾಕಿರಿ ಚೆಂಡನ್ನು ಅಡ್ಡಲಾಗಿ ತೂರಿದಾಗ, ಆಚೆ ಕಂಬದ ಬಳಿ ಕಾದಿದ್ದು ತಲೆಯಿಂದ ಒಳಗೆ ತಳ್ಳಿದವರು ಇವರೇ. 84ನೇ ನಿಮಿಷದ ಆ ಗೋಲಿನೊಂದಿಗೆ 2–1ರಿಂದ ಸೋತ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್, ಯುರೋಪಿನ ಕ್ಲಬ್ಬುಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನಿಂದ ಹೊರಬಿತ್ತು.

ಕುರ್ಚಿ ಹೋದ ಮೇಲೆ ಅವರು ಮಾಡಿದ ಕೆಲಸ ನನಗೆ ಹೆಚ್ಚು ಮೆಚ್ಚುಗೆ. ದೇಶದ ದಾಖಲೆವೀರ ಬಾಸೆಲ್‌ಗೆ ಮರಳಿ ಹುಡುಗರ ತಂಡಕ್ಕೆ ಸೀಟಿ ಊದುತ್ತಾ ನಿಂತರು. ಮುಂದೆ ಎರಡನೇ ದರ್ಜೆಯ ಲೀಗ್‌ನ ವಿಲ್ ಕ್ಲಬ್ಬಿಗೆ, ಆಮೇಲೆ ವಿಂಟರ್‌ಟೂರ್ ಕ್ಲಬ್ಬಿಗೆ ಕೋಚ್ ಆದರು. 2022ರ ಮೇ ತಿಂಗಳಲ್ಲಿ ವಿಂಟರ್‌ಟೂರ್ ಕೊನೆಯ ದಿನ ಕ್ರೀನ್ಸ್ ತಂಡವನ್ನು 5–0ಯಿಂದ ಮಣಿಸಿ, 37 ವರ್ಷಗಳ ಬಳಿಕ ಮೇಲಿನ ಲೀಗ್ ಸೇರಿತು. ಕೋಚ್ ಆಗಿ ಅವರ ದೊಡ್ಡ ಸಾಧನೆ ಇದೇ.

ಆ ಬೇಸಿಗೆಯಲ್ಲೇ ಬಾಸೆಲ್ ಮುಖ್ಯ ಕೋಚ್ ಆಗಲು ಕರೆಯಿತು. 2023ರ ಫೆಬ್ರವರಿಯಲ್ಲಿ ಕೆಲಸದಿಂದ ತೆಗೆಯಿತು. ಅವರ ಜಾಗಕ್ಕೆ ಬಂದವರು ಹೈಕೊ ಫೋಗೆಲ್; ಯುನೈಟೆಡ್ ಸೋತ ರಾತ್ರಿ ಬಾಸೆಲ್ ಕೋಚ್ ಆಗಿದ್ದವರೂ ಅವರೇ. 2023ರ ಆರಂಭದಲ್ಲಷ್ಟೇ ಫೋಗೆಲ್ ಕ್ಲಬ್ಬಿಗೆ ಮರಳಿದ್ದರು, ಸ್ಪೋರ್ಟಿಂಗ್ ಡೈರೆಕ್ಟರ್ ಆಗಿ!