ಗೀಟು ಹಾಕಿದ್ದು ವಕೀಲ

"ಸರ್ಕಾರ ಮನಸ್ಸು ಮಾಡಿದರೆ ಹವಾಮಾನ ಸಂಶೋಧನೆಯನ್ನೇ ತಿರುಚೋಕಾಗುತ್ತಾ?" ಅಂತ ಕೇಳಿದ್ದೀರಿ. ಆಗುತ್ತೆ ಸಾರ್. ಅಂಕಿಅಂಶ ಮುಟ್ಟಬೇಕಂತಲೂ ಇಲ್ಲ, ವರದಿ ತಿದ್ದಿದರೆ ಸಾಕು.

ಅಮೆರಿಕದಲ್ಲಿ ಜಾರ್ಜ್ ಡಬ್ಲ್ಯೂ. ಬುಷ್ ಕಾಲದಲ್ಲಿ ಫಿಲಿಪ್ ಕೂನಿ ಅಂತ ಒಬ್ಬ ಅಧಿಕಾರಿ ಇದ್ದ. ಶ್ವೇತಭವನದ ಪರಿಸರ ಮಂಡಳಿಯಲ್ಲಿ ಕೆಲಸ. ಓದಿದ್ದು ಕಾನೂನು. ಈ ಕೆಲಸಕ್ಕೂ ಮುಂಚೆ ಪೆಟ್ರೋಲಿಯಂ ಕಂಪನಿಗಳ ಸಂಘದ ಪರ ಲಾಬಿ ಮಾಡುತ್ತಿದ್ದ (ಎಂಥ ಆಯ್ಕೆ, ಅಲ್ವಾ!). ಸರ್ಕಾರಿ ವಿಜ್ಞಾನಿಗಳ ಕರಡು ಈತನ ಮೇಜಿಗೆ ಬರುತ್ತಿತ್ತು. 2002ರ ಒಂದು ಕರಡಿನಲ್ಲಿ ಬೆಟ್ಟಗಳ ಹಿಮನದಿ, ಹಿಮರಾಶಿ ಕಡಿಮೆಯಾಗುತ್ತದೆ ಎಂದಿದ್ದ ಇಡೀ ಪ್ಯಾರಾಕ್ಕೆ ಗೀಟು ಎಳೆದ. ಇದೆಲ್ಲ ಬರೀ ಊಹೆ ಎಂಬರ್ಥದ ಟಿಪ್ಪಣಿಯನ್ನು ಪಕ್ಕದಲ್ಲೇ ಬರೆದ. ಜನರಿಗೆ ಮಾತ್ರ ವಿಜ್ಞಾನಿಗಳಿಗೇ ಅನುಮಾನ ಇದ್ದಂತೆ ಕಂಡಿತು.

2005ರಲ್ಲಿ ವಿಷಯ ಪತ್ರಿಕೆಗೆ ಬಂತು. ಕೂನಿ ರಾಜೀನಾಮೆ ಕೊಟ್ಟು ಎಕ್ಸಾನ್‌ಮೊಬಿಲ್ ಎಂಬ ತೈಲ ಕಂಪನಿ ಸೇರಿದ.